ಕಾಶವ್ವ ಎಮ್ಮೆಯೂ ಜೋಕಪ್ಪನ ಹಾಡುಗಳೂ

ದನಿ ಮುದ್ರಿಸುವ ಕೆಲಸ ಕಲಿಯಬೇಕೆಂದು ಬರುವ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವುದು ಯಾವ ಮೈಕು ಕೊಳ್ಳಬೇಕು ಎಂದು. ನಾನು ಅವರನ್ನು ಕೇಳುವುದು ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತೀರಿ ಎಂದು. ಬೈಲಹೊಂಗಲದಂಥ ಊರಿನಲ್ಲಿ ಬಸ್ಸುಗಳೂ ಹಿಟ್ಟಿನ ಗಿರಣಿಯೂ ಶುರುವಾದ ಮೇಲೆ ಒಂದು ಮಾತನ್ನೂ ಶುದ್ಧವಾಗಿ ಹಿಡಿಯಲಾಗದು. ಮೈಕು ಎಷ್ಟು ಒಳ್ಳೆಯದಾದರೂ ಅದು ಗಿರಣಿಯನ್ನೇ ಚೆನ್ನಾಗಿ ಕೇಳಿಸಿಕೊಳ್ಳುತ್ತದೆ.

ನಮ್ಮದು ಪಂಚಾಂಗ ನೋಡಿ ಮುಹೂರ್ತ ಹೇಳುವ ಮನೆತನ. ನನ್ನ ತಂದೆಯವರ ಸ್ನಾನ, ಪೂಜೆ, ಪಾಠ, ಊಟ ಎಲ್ಲಕ್ಕೂ ಹೊತ್ತು ನಿಗದಿಯಾಗಿತ್ತು. ಹೊತ್ತು ಮೀರಿದರೆ ಅನ್ನ ತಣ್ಣಗಿರುತ್ತಿತ್ತು, ತಂದೆಯವರ ಮುಖ ಬಿಸಿಯಾಗಿರುತ್ತಿತ್ತು. ಆ ಮನೆಯ ಹುಡುಗಿ ಕ್ಯಾಸೆಟ್ಟಿನ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದು ಬೀದಿಗೆಲ್ಲ ಸುದ್ದಿಯಾಯಿತು. ಆದರೆ ಅಲ್ಲಿ ನನಗೆ ಕೆಲಸಕ್ಕೆ ಬಂದದ್ದು ಮನೆಯ ಶಿಸ್ತೇ. ಬಾಗಿಲು ತೆಗೆದೊಡನೆ ಯಂತ್ರದ ಮುಖ ಒರೆಸುವುದು, ತಂತಿಗಳನ್ನು ಸುತ್ತಿಡುವುದು, ಫ್ಯಾನು ನಿಲ್ಲಿಸುವುದು, ಹಾಡುವವರ ಬಳೆ ತೆಗೆಸುವುದು. ಈ ಕ್ರಮವನ್ನು ನಾನು ನಿವೃತ್ತಿಯ ತನಕ ಬದಲಿಸಲಿಲ್ಲ.

ಅಂಗಡಿಯ ಮಾಲೀಕರು ಬಾಬುರಾಯರು. ಅವರಿಗೆ ಸಂಗೀತ ಬರುತ್ತಿರಲಿಲ್ಲ, ಮನುಷ್ಯರು ಗೊತ್ತಿದ್ದರು. ಒಮ್ಮೆ ದೊಡವಾಡದ ಭಜನಾ ಮೇಳದವರು ಪದಗಳ ಕ್ಯಾಸೆಟ್ ಮಾಡಿಸಲು ಬಂದರು. ಊರಲ್ಲಿ ಗುಡಿಯ ಕಟ್ಟೆ ನಡುಗಿಸುವ ಹಾಡುಗಾರ ನಮ್ಮ ಮುಚ್ಚಿದ ಕೋಣೆಯಲ್ಲಿ ಕೂತ ಕೂಡಲೇ ಜ್ವರ ಬಂದವನಂತೆ ಹಾಡಿದ. ನಾನು ಮೈಕನ್ನು ಹತ್ತಿರ ಸರಿಸಿದೆ, ದೂರ ಸರಿಸಿದೆ, ನೀರು ಕುಡಿಸಿದೆ. ಬಾಬುರಾಯರು ಬಾಗಿಲಲ್ಲಿ ನಿಂತು ನೋಡಿ, ಬೀದಿಗೆ ಹೋಗಿ ಚಹಾದಂಗಡಿಯ ಮುಂದೆ ಕೂತಿದ್ದ ಹಿರಿಯರನ್ನು ಕರೆತಂದರು.

"ಮುಂದ ಕುಂಡ್ರಿ. ತಲಿ ದೂಗ್ರಿ. ಬಾಯಿ ಮಾತ್ರ ಬಿಡಬ್ಯಾಡ್ರಿ," ಎಂದರು.

ಹಾಡುಗಾರನಿಗೆ ದನಿ ಬಂತು. ಕೇಳುವವರಿಲ್ಲದ ಕೋಣೆಯಲ್ಲಿ ಯಾರಿಗೂ ಹಾಡು ಹೊರಡದು ಎಂಬುದನ್ನು ನಾನು ಕಲಿತದ್ದು ಆ ದಿನ. ಒಬ್ಬ ಹಿರಿಯರು ತಡೆಯಲಾರದೆ "ಭೇಷ್!" ಎಂದದ್ದು ಕ್ಯಾಸೆಟ್ಟಿನಲ್ಲಿ ಹಾಗೇ ಉಳಿಯಿತು.

ಕ್ಯಾಸೆಟ್ ಹೋಗಿ ಸೀಡಿ ಬಂತು, ಸೀಡಿ ಹೋಗಿ ಮೊಬೈಲು ಬಂತು, ಬಾಬುರಾಯರ ಅಂಗಡಿ ಮುಚ್ಚಿತು. ನಾನು ಮನೆಯಲ್ಲಿ ಕೂರುವಂತಾದ ಹೊತ್ತಿಗೆ ಮೇಘಾ ಹುಡುಕಿಕೊಂಡು ಬಂದಳು. ಕಿತ್ತೂರಿನ ಹುಡುಗಿ, ಚಿತ್ರ ಬರೆಯುವುದನ್ನು ಓದಿಕೊಂಡವಳು. ಬೈಲಹೊಂಗಲದಲ್ಲಿ ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆ ಹಿಡಿದು, ಇನ್ನೂ ನಾಲ್ವರು ಚಿತ್ರಗಾರರನ್ನು ಸೇರಿಸಿಕೊಂಡು ಕಾರ್ಟೂನು ಮಾಡುತ್ತಿದ್ದಳು. ಅಧಿಕಾರದಲ್ಲಿ ಅವಳು ನನ್ನ ಮೇಲಿನವಳು, ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವಳು. ಚಿಕ್ಕಮ್ಮನನ್ನು ಕರೆದಂತೆ ನನ್ನನ್ನು "ಮೌಶಿ" ಎನ್ನುತ್ತಿದ್ದಳು.

ಅವಳ ಕಾರ್ಟೂನಿನ ನಾಯಕಿ ಕಾಶವ್ವ ಎಂಬ ಎಮ್ಮೆ. ಅದು ಬಸ್ ನಿಲ್ದಾಣದ ಎದುರಿಗೆ ನಡುರಸ್ತೆಯಲ್ಲಿ ಮಲಗಿರುತ್ತದೆ, ಏಳುವುದಿಲ್ಲ. ಹೋಗಿ ಬರುವವರನ್ನೆಲ್ಲ ಆಡಿಕೊಳ್ಳುತ್ತದೆ. ಪುಢಾರಿ, ಪೂಜಾರಿ, ಮದುಮಗ, ಬ್ಯಾಂಡಿನವರು, ಸಾಲಿ ಮಾಸ್ತರರು, ಯಾರನ್ನೂ ಬಿಡುವುದಿಲ್ಲ. ಮೊದಲ ಕಂತಿನ ಮಾತುಗಳನ್ನು ಓದಿದಾಗ ನಾನು ಕನ್ನಡಕ ತೆಗೆದಿಟ್ಟು ಕೇಳಿದೆ:

"ಇದನ್ನ ನಾನು ರೆಕಾರ್ಡ್ ಮಾಡಬೇಕೇನು?"

"ಹೌದ್ರಿ ಮೌಶಿ. ಬೈಗುಳ ಇದ್ರೂ ಸ್ಪಷ್ಟ ಕೇಳಬೇಕಲ್ಲ."

ಆ ಎಮ್ಮೆಗೆ ದನಿ ಹುಡುಕಿದವಳು ನಾನೇ. ಸಂಪಗಾಂವದಿಂದ ಬೈಲಹೊಂಗಲದ ಸಂತೆಗೆ ಬದನೆಕಾಯಿ ತರುತ್ತಿದ್ದ ಗಂಗವ್ವ, ಒಂದು ದಿನ ತನ್ನ ಬುಟ್ಟಿಯನ್ನು ಬಸ್ಸಿನ ಮೇಲೆ ಹಾಕಗೊಡದ ಕಂಡಕ್ಟರನಿಗೆ ಬುದ್ಧಿ ಹೇಳುತ್ತಿದ್ದಳು. ಇಡೀ ಬಸ್ಸಿನ ಜನ ಹೊರಡುವುದನ್ನು ಮರೆತು ಕೇಳುತ್ತಿದ್ದರು. ಅವಳನ್ನು ಕರೆತಂದು ಮೈಕಿನ ಮುಂದೆ ಕೂರಿಸಿದರೆ ಒಂದು ಮಾತೂ ಬರಲೊಲ್ಲದು.

"ಈ ಕೋಲಿನ ಮುಂದ ಯಾರಿಗೆ ಬೈಲಿ ಬಾಯಾರ? ಮಾರಿ ಬೇಕಲ್ಲ!"

ಮುಖ ಬೇಕೆಂದಳಲ್ಲ, ಮೈಕಿನ ಹಿಂದೆ ನಾನೇ ಹೋಗಿ ನಿಂತೆ. ಅಂದಿನಿಂದ ಕಾಶವ್ವ ಎಮ್ಮೆಯ ಎಲ್ಲ ಬೈಗುಳಗಳನ್ನೂ ಮೊದಲು ಉಂಡವಳು ನಾನು. ಪುಢಾರಿಗೆ ಬಯ್ಯುವಾಗ ನಾನು ಪುಢಾರಿ, ಮದುಮಗನಿಗೆ ಬಯ್ಯುವಾಗ ನಾನು ಮದುಮಗ. ಬಯ್ದು ಮುಗಿಸಿ ಗಂಗವ್ವ ನನಗೆ ಎಲೆ ಅಡಿಕೆ ಕೊಡುತ್ತಿದ್ದಳು. ನಾನು ಎಲೆ ಹಾಕುವವಳಲ್ಲ, ಆದರೂ ತೆಗೆದುಕೊಂಡು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದೆ.

ನನ್ನ ನಿವೃತ್ತಿಯ ವರ್ಷದ ಸಂಗತಿಗೆ ಈಗ ಬರುತ್ತೇನೆ. ಕಾರ್ಟೂನನ್ನು ಪ್ರಸಾರ ಮಾಡುತ್ತಿದ್ದ ವಾಹಿನಿಯವರು ಒಂದು ಷರತ್ತು ಹಾಕಿದರು: ಹಬ್ಬಕ್ಕೆ ಹಾಡುಗಳಿಂದ ತುಂಬಿದ ವಿಶೇಷ ಸಂಚಿಕೆ ಬೇಕು, ಅದರ ಜೊತೆಗೆ ಬೇರೆಯಾಗಿ ಹಾಡುಗಳ ಆಲ್ಬಂ ಬೇಕು, ಎರಡೂ ಹಬ್ಬದ ದಿನವೇ ಬರಬೇಕು. ಇಲ್ಲದಿದ್ದರೆ ಕಾಶವ್ವ ಎಮ್ಮೆ ಅಲ್ಲಿಗೆ ಮುಗಿಯಿತು. ಮುಗಿದರೆ ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆಗಳೂ ಮುಚ್ಚುತ್ತವೆಂದು ಮೇಘಾ ಯಾರಿಗೂ ಹೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಯಾವ ಹಬ್ಬ ಎಂದು ಯೋಚಿಸುವ ಕೆಲಸವೇ ಬೀಳಲಿಲ್ಲ. ನಮ್ಮ ಕಡೆಗೆ ಗಣಪತಿ ಬಂದುಹೋದ ಬೆನ್ನಿಗೆ ಅವನ ತಮ್ಮ ಜೋಕುಮಾರ, ನಮ್ಮವರ ಬಾಯಲ್ಲಿ ಜೋಕಪ್ಪ, ಹುಟ್ಟುತ್ತಾನೆ. ಹೆಂಗಸರು ಅವನ ಮಣ್ಣಿನ ಗೊಂಬೆಯನ್ನು ಬೇವಿನ ಸೊಪ್ಪಿನ ಬುಟ್ಟಿಯಲ್ಲಿಟ್ಟು, ಬಾಯಿಗೆ ಬೆಣ್ಣೆ ಹಚ್ಚಿ, ತಲೆಯ ಮೇಲೆ ಹೊತ್ತು ಮನೆಮನೆಯ ಮುಂದೆ ಹಾಡುತ್ತಾರೆ. ಮನೆಯವರು ಜೋಳ ನೀಡುತ್ತಾರೆ. ಏಳು ದಿನ ಊರೆಲ್ಲ ಮೆರೆದು, ಪೋಲಿತನ ಮಾಡಿ, ಹುಣ್ಣಿಮೆಗೆ ಸಾಯುತ್ತಾನೆ. ಕಡುಬು ತಿಂದುಹೋದ ಗಣಪತಿ ಭೂಲೋಕದಲ್ಲಿ ಎಲ್ಲ ಚೆನ್ನಾಗಿದೆ ಎಂದು ಶಿವನಿಗೆ ವರದಿ ಒಪ್ಪಿಸುತ್ತಾನೆ, ಜನರ ಗೋಳನ್ನು ಇದ್ದಂತೆ ಹೇಳುವವನು ಜೋಕಪ್ಪ. ಅವನು ಹೇಳಿದ ಮೇಲೇ ಶಿವ ಮಳೆ ಸುರಿಸುವುದು.

ಮೇಘಾ ಕಥೆ ಕಟ್ಟಿದಳು: ಜೋಕಪ್ಪ ಕಾಶವ್ವನ ಬೆನ್ನೇರಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸುತ್ತುತ್ತಾನೆ. ಜನ ದೂರು ಹೇಳುತ್ತಾರೆ. ಊರಿಗೊಂದು ಹಾಡು, ಧಾಟಿ ಹಬ್ಬದ್ದು, ಮಾತು ನಮ್ಮದು.

ಜೋಕಪ್ಪನ ಚಿತ್ರವನ್ನು ಗಂಗವ್ವನಿಗೆ ತೋರಿಸುವಾಗ ಮೇಘಾ ಹೆದರಿದ್ದಳು. ದೇವರನ್ನು ಆಡಿಕೊಂಡಂತಾದೀತೋ ಎಂದು. ಗಂಗವ್ವನ ಮನೆತನವೇ ಸಂಪಗಾಂವದಲ್ಲಿ ಜೋಕಪ್ಪನ ಬುಟ್ಟಿ ಹೊರುವ ಮನೆತನ. ಅವಳು ಪರದೆಗೆ ಮುಖವಿಟ್ಟು ನೋಡಿದಳು.

"ಇಂವಾ ಯಾರ?"

"ಜೋಕಪ್ಪ, ಅವ್ವಾ."

"ಹೋಗವಾ! ಬ್ಯಾಂಕಿನ ಸಾಹೇಬ ಕುಂತ್ಹಂಗ ಕುಂತಾನ. ಕಣ್ಣ ದೊಡ್ಡವ ಮಾಡು. ಮೀಸಿ ಎಲ್ಲಿ? ಹಾದಿ ಮ್ಯಾಲಿನ ಹೆಂಗಸರ್ನ ನೋಡಿ ಹಲ್ಲ ಕಿಸಿಬೇಕ ಇಂವಾ. ಇಷ್ಟ ಸಾಧು ಮಾಡಿದ್ರ ನಮ್ಮ ಓಣ್ಯಾಗ ಯಾರೂ ಗುರ್ತ ಹಿಡಿಯಂಗಿಲ್ಲ."

ಚಿತ್ರಗಾರರು ಜೋಕಪ್ಪನನ್ನು ಕೆಡಿಸಲು ಕುಳಿತರು. ಹಾಡಿನ ಮಾತುಗಳನ್ನೂ ಗಂಗವ್ವ ಹೀಗೇ ಕೆಡಿಸಿ ಸರಿಮಾಡಿಕೊಟ್ಟಳು. ಕಿತ್ತೂರಿನ ಹಾಡಿಗೆ ಮೇಘಾ ಅಲ್ಲಿನ ಕೋಟೆಯ ಬಗ್ಗೆ ಏನೋ ಗಂಭೀರವಾಗಿ ಬರೆದಿದ್ದಳು. ಗಂಗವ್ವ ಬಾಯಲ್ಲೇ ತಿದ್ದಿದ್ದು ಹೀಗೆ:

ಕೋಟಿ ನೋಡಾಕ ಬಂದಾರಪ್ಪ ಗಾಡಿ ತುಂಬ ಮಂದಿ,
ತಮ್ಮ ಮಾರಿ ಫೋನದಾಗ ನೋಡಿ ಹಿಡದಾರ ಊರ ಹಾದಿ.

ರಾಮದುರ್ಗದ ಹಾಡಿಗೆ ಮಗ್ಗದ ಸದ್ದು ಬೇಕಾಯಿತು. ನಾನು ಬೆಳಗಿನ ಬಸ್ಸಿಗೆ ಹೋದೆ. ನೇಕಾರರ ಮನೆಯೊಳಗೆ ಕಾಲಿಟ್ಟರೆ ಮನೆಯ ಯಜಮಾನರು ಕೂಗಿದರು, "ಬಾಯಾರು ಬಂದಾರ, ಮಗ್ಗ ನಿಂದರಸ್ರಿ!" ನಿಲ್ಲಿಸಬೇಡಿ, ಅದೇ ಸದ್ದು ಬೇಕು ಎಂದೆ. "ಅದೆಂಗ್ರಿ, ಮನೀಗೆ ಬಂದವರ ಮುಂದ ಗದ್ದಲ ಮಾಡೂದು?" ಎಂದು ಚಹಾ ಕೊಟ್ಟರು. ಎರಡನೆಯ ಮನೆಯಲ್ಲೂ ಇದೇ ಮರ್ಯಾದೆ, ಇದೇ ಚಹಾ. ಮೂರನೆಯ ಮನೆಗೆ ನಾನು ಹೋಗಲೇ ಇಲ್ಲ. ಕಿಟಕಿಯ ಕೆಳಗೆ ಬೀದಿಯಲ್ಲಿ ಕೂತು ಮೈಕು ಮೇಲೆತ್ತಿ ಹಿಡಿದೆ. ಆಲ್ಬಂನಲ್ಲಿ ಇರುವುದು ಆ ಮಗ್ಗ. ಹೊಸಬರು ಇದನ್ನು ಗಮನಿಸಬೇಕು: ಕೆಲಸಕ್ಕೆ ಹೋದಾಗ ಅತಿಥಿಯಾಗಬಾರದು.

ಇಷ್ಟೆಲ್ಲ ಆಗಿ, ಬೇಸಿಗೆಯಲ್ಲಿ ಹಾಡುಗಳ ಮುದ್ರಣಕ್ಕೆ ದಿನ ಗೊತ್ತುಮಾಡಿದೆ. ಕಾರ್ಟೂನಿನಲ್ಲಿ ದನಿ ಮೊದಲು, ಚಿತ್ರ ಆಮೇಲೆ. ದನಿಯ ಏರಿಳಿತ ನೋಡಿ ತುಟಿ ಬರೆಯುತ್ತಾರೆ. ಚಿತ್ರಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಆದ್ದರಿಂದ ಭಾದ್ರಪದದ ಹಬ್ಬಕ್ಕೆ ಬೇಸಿಗೆಯಲ್ಲೇ ಹಾಡಿಸಬೇಕು. ಗಂಗವ್ವ ಬಂದಳು, ನೀರು ಕುಡಿದಳು, ಬಳೆ ತೆಗೆದಿಟ್ಟಳು. ಎಮ್ಮೆಯ ಮಾತುಗಳನ್ನೆಲ್ಲ ಒಂದೇ ಉಸಿರಿಗೆ ಆಡಿ ಮುಗಿಸಿದಳು. ಹಾಡಿಗೆ ಬಂದೊಡನೆ ಎದ್ದು ಬಳೆ ಏರಿಸಿಕೊಳ್ಳತೊಡಗಿದಳು.

"ಹಾಡು ಉಳದದಲ್ಲ ಗಂಗವ್ವ?" ಎಂದೆ.

"ಹಾಡು ಈಗ ಹ್ಯಾಂಗ ಬಾಯಾರ? ಜೋಕಪ್ಪ ಇನ್ನೂ ಹುಟ್ಟಿಲ್ಲ."

ನಾನು ಚಿತ್ರ, ತುಟಿ, ತಿಂಗಳು ಎಲ್ಲವನ್ನೂ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು ಹೇಳಿದಳು, "ಹುಟ್ಟದ ಕೂಸಿಗೆ ಜೋಗುಳ ಹಾಡತಾರೇನ್ರಿ? ಅಂವಾ ಹುಟ್ಟಲಿ, ನಾ ಎಷ್ಟ ಬೇಕ ಅಷ್ಟ ಹಾಡತೇನಿ."

ಮೇಘಾ ಕೈಮುಗಿದಳು. "ಅವ್ವಾ, ಇದು ಬರೇ ಕಾರ್ಟೂನ್."

"ಕಾರ್ಟೂನ ನಿಂದವಾ. ಹಾಡ ಅವಂದು. ನಮ್ಮತ್ತಿ ಹಾಡಲಿಲ್ಲ, ನಾನೂ ಹಾಡಂಗಿಲ್ಲ. ಸಿಟ್ಟಿಗೇಳಬ್ಯಾಡ್ರಿ."

ಬೇರೆ ಯಾರಿಂದಲಾದರೂ ಹಾಡಿಸೋಣವೆಂದರೆ ಕಾಶವ್ವನ ದನಿ ಜನರ ಕಿವಿಯಲ್ಲಿ ಕೂತುಬಿಟ್ಟಿತ್ತು. ಎಮ್ಮೆಯ ಬಾಯಿಂದ ಇನ್ನೊಬ್ಬರು ಹಾಡಿದರೆ ಮೊದಲ ಸಾಲಿಗೇ ಗೊತ್ತಾಗುತ್ತದೆ. ಮೇಘಾ ಕಿಟಕಿಯ ಕಡೆ ತಿರುಗಿ ನಿಂತಳು. ನನಗೆ ಸಿಟ್ಟು ಬರಬೇಕಿತ್ತು, ನನ್ನ ವೇಳಾಪಟ್ಟಿ ಎಂದೂ ತಪ್ಪಿದ್ದಿಲ್ಲ. ಆದರೆ ಗಂಗವ್ವ ಬಳೆ ಏರಿಸಿಕೊಂಡ ರೀತಿಯಲ್ಲಿ ನನಗೆ ನನ್ನ ತಂದೆಯವರು ಕಂಡರು. ಹೊತ್ತಲ್ಲದ ಹೊತ್ತಿನಲ್ಲಿ ಯಾರು ಕೇಳಿದರೂ ಅವರು ಒಂದು ಮಂತ್ರ ಹೇಳುತ್ತಿರಲಿಲ್ಲ. ಇದು ಹಟವಲ್ಲ, ಶಿಸ್ತು. ಶಿಸ್ತಿನವರ ಜೊತೆ ವಾದ ಮಾಡಿ ಉಪಯೋಗವಿಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹಾಗಾದರೆ ನಮ್ಮ ಕ್ರಮವನ್ನೇ ತಿರುವುಮುರುವು ಮಾಡಬೇಕು: ಚಿತ್ರ ಮೊದಲು, ಹಾಡು ಹಬ್ಬದ ದಿನಗಳಲ್ಲಿ. ಕೇಳದ ಹಾಡಿಗೆ ತುಟಿ ಬರೆಯುವುದು ಹೇಗೆ? ಎರಡು ದಿನ ಎಲ್ಲರೂ ತಲೆ ಕೆಡಿಸಿಕೊಂಡೆವು. ಪರದೆಯ ಮೇಲೆ ಕಾಶವ್ವ ಸುಮ್ಮನೆ ಮಲಗಿ ಮೆಲುಕು ಹಾಕುತ್ತಿತ್ತು. ದವಡೆ ಆ ಕಡೆ, ಈ ಕಡೆ.

"ಮೇಘಾ," ಎಂದೆ, "ಮೆಲುಕು ಹಾಕಿಕೋತ ಹಾಡಿದರ ಹ್ಯಾಂಗ? ಆ ಬಾಯಿಗೆ ಯಾವ ಅಕ್ಷರ ಆದರೂ ಹೊಂದತದ. ತಾಳ ಒಂದು ಸರಿ ಇದ್ದರ ಸಾಕು."

ಮೇಘಾ ತಿರುಗಿ ನೋಡಿದಳು. "ಜೋಕಪ್ಪ?"

"ಅವನ ಬಾಯಿ ತುಂಬ ಬೆಣ್ಣಿ ಅದಲ್ಲ. ಹ್ಯಾಂಗ ಹಾಡತಾನ ಅಂವಾ? ಕುಣೀಲಿ."

ಚಿತ್ರಗಾರರು ಮೇಜು ಬಡಿದರು. ಉಳಿದದ್ದು ತಾಳ. ತಾಳಕ್ಕೆ ಹಲಗಿಯವರನ್ನು ಕರೆಸುತ್ತೇನೆಂದರೆ ಗಂಗವ್ವ ನಕ್ಕಳು. "ನಮ್ಮ ಹಾಡಿಗೆ ಏನೂ ಬಾರಸೂದಿಲ್ಲ ಬಾಯಾರ. ಬುಟ್ಟಿ ಹೊತ್ತ ನಡದ್ರ ಕಾಲ ತಾಳ ಹಾಕತಾವ."

"ಹಂಗಾದರ ನಡದ ತೋರಸು. ನಡಿಯಾಕ ಜೋಕಪ್ಪ ಹುಟ್ಟಬೇಕೇನು?"

ಅವಳು ಯೋಚಿಸಿದಳು. "ಹಬ್ಬದ ಬುಟ್ಟಿ ಮುಟ್ಟಂಗಿಲ್ಲ. ಬದನಿಕಾಯಿ ಬುಟ್ಟಿ ಹೊತ್ತ ನಡೀತೇನಿ."

ಹೀಗೆ ಒಂದು ಬೆಳಿಗ್ಗೆ ಸಂಪಗಾಂವದ ಓಣಿಗಳಲ್ಲಿ ಗಂಗವ್ವ ಬದನೆಕಾಯಿ ಹೊತ್ತು ನಡೆದಳು, ನಾನು ಅವಳ ಹಿಮ್ಮಡಿಗೆ ಮೈಕು ಹಿಡಿದು ಬಗ್ಗಿಕೊಂಡು ಹಿಂದೆ ನಡೆದೆ. ಕಟ್ಟೆಯ ಮೇಲೆ ಕೂತಿದ್ದ ಮುದುಕರೊಬ್ಬರು ಕೇಳಿದರು, "ಏನ ಹುಡುಕಾಕ ಹತ್ತೀರಿ ಬಾಯಾರ?" ಗಂಗವ್ವ ನಿಲ್ಲದೆ ಹೇಳಿದಳು, "ನನ್ನ ಕಾಲಿನ ಹಾಡ ಹಿಡಿಯಾಕ ಹತ್ಯಾರೋ ಯಜ್ಜಾ, ಮಾತಾಡಬ್ಯಾಡ!" ಆ ಹೆಜ್ಜೆಗಳ ಸದ್ದಿಗೆ ಚಿತ್ರಗಾರರು ಮಳೆಗಾಲವೆಲ್ಲ ಎಮ್ಮೆಯ ದವಡೆ ಬರೆದರು.

ಭಾದ್ರಪದ ಬಂತು, ಜೋಕಪ್ಪ ಹುಟ್ಟಿದ. ನಾವು ಸಂಪಗಾಂವಕ್ಕೆ ಹೋದೆವು. ಗಂಗವ್ವ ಬುಟ್ಟಿ ಹೊತ್ತಳು, ಇನ್ನಿಬ್ಬರು ಹೆಂಗಸರು ದನಿಗೂಡಿಸಿದರು. ಅಂಥ ಹಾಡನ್ನು ನಾನು ಯಾವ ಕೋಣೆಯಲ್ಲೂ ಹಿಡಿದಿದ್ದಿಲ್ಲ. ಪ್ರತಿ ಮನೆಯ ಮುಂದೆ ಮೊದಲು ಹಬ್ಬದ ಹಾಡು, ಆಮೇಲೆ ಜನರು ಕೇಳಿ ಕೇಳಿ ಹಾಡಿಸಿಕೊಳ್ಳುತ್ತಿದ್ದ ನಮ್ಮ ದೂರಿನ ಹಾಡು. ಮಧ್ಯಾಹ್ನ ಮೇಘಾ ಮರದಡಿ ಕೂತು ಹಾಡನ್ನೂ ಚಿತ್ರವನ್ನೂ ಮೊಬೈಲಿನಲ್ಲಿ ಜೋಡಿಸಿ ನೋಡಿದಳು. ಮೊಬೈಲನ್ನು ನನ್ನ ಮುಂದೆ ಹಿಡಿದಳು.

"ಮೌಶಿ, ಎಮ್ಮಿ ಮುಂದ ಓಡೇದ. ಹಾಡು ಹಿಂದ ಉಳದದ."

ನಾನು ನೋಡಿದೆ. ಖರೆ. ಕಾಶವ್ವನ ದವಡೆ ಅವಸರದ ಊಟ ಮಾಡುವವರಂತೆ ಆಡುತ್ತಿತ್ತು, ಹಾಡು ಅದರ ಹಿಂದೆ ನಿಧಾನವಾಗಿ ಬರುತ್ತಿತ್ತು. ಯಂತ್ರದಲ್ಲಿ ಹಾಡನ್ನು ಚುರುಕು ಮಾಡಿ ನೋಡಿದೆ. ಗಂಗವ್ವನ ದನಿ ಬೆದರಿದ ಕೋಳಿಯದಾಯಿತು. ಚಿತ್ರವನ್ನು ಮತ್ತೆ ಬರೆಯಲು ಸಮಯವಿರಲಿಲ್ಲ, ಹುಣ್ಣಿಮೆಗೆ ಪ್ರಸಾರ. ಗಂಗವ್ವನಿಗೆ ತೋರಿಸಿದೆವು.

"ಬ್ಯಾಸಿಗ್ಯಾಗ ಬದನಿಕಾಯಿ ಇದ್ದವು," ಎಂದಳು. "ಈಗ ತಲಿ ಮ್ಯಾಲ ಏನೈತಿ ನೋಡ್ರಿ. ಮೊದಲ ಅಂವಾ ಮಣ್ಣಿನಂವ. ಮನಿ ಮನೀಗೆ ಮೊರದ ತುಂಬ ಜ್ವಾಳ ಸುರೀತಾರ. ನಾ ಏನ ಟ್ರ್ಯಾಕ್ಟರ್ ಇದ್ದೇನೇನ?"

ಮೇಘಾ ತಲೆಯ ಮೇಲೆ ಕೈಹೊತ್ತು ಕೂತಳು. ನಾನು ಬುಟ್ಟಿಯನ್ನು ಒಮ್ಮೆ ಎತ್ತಿ ನೋಡಿದೆ, ಎತ್ತಲಾಗಲಿಲ್ಲ. ಗೊಂಬೆಯ ಭಾರ ಅಷ್ಟಿಲ್ಲ, ಭಾರವೆಲ್ಲ ಜೋಳದ್ದು.

"ಗಂಗವ್ವ, ಜ್ವಾಳ ಬುಟ್ಟೀಗೇ ಬೀಳಬೇಕಂತ ನೇಮ ಅದ ಏನು?"

"ಮೊದಲ ಹಿಡಿ ಬುಟ್ಟೀಗೆ ಬೀಳಬೇಕು. ಉಳದಿದ್ದು ಚೀಲಕ್ಕ ಹಾಕಿದ್ರ ನಡೀತೈತಿ. ಆದ್ರ ಚೀಲ ಹೊರಾವ್ರ ಯಾರು? ಇವರಿಬ್ಬರೂ ಹಾಡಬೇಕು, ಭಾರ ಹೊತ್ರ ದಮ್ಮ ಹಿಡೀತೈತಿ. ಗಂಡಸರು ನಮ್ಮ ಮೇಳದಾಗ ಬರಂಗಿಲ್ಲ."

ಹಾಡಿಗೆ ಚಿತ್ರ ಜೋಡಿಸಿ ನೋಡಲು ಮೇಘಾಳೇ ಬೇಕು. ನಾನು ಹೆಡ್‌ಫೋನು ತೆಗೆದು ಮೇಘಾಳ ಕಿವಿಗೆ ಹಾಕಿದೆ. ಮೈಕನ್ನು ಅವಳ ಕೈಗೆ ಕೊಟ್ಟು, ಎಷ್ಟು ದೂರ ಹಿಡಿಯಬೇಕು, ಗಾಳಿ ಬಂದರೆ ಯಾವ ಕಡೆ ತಿರುಗಬೇಕು ಎಂದು ಹೇಳಿಕೊಟ್ಟೆ. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಚೀಲ ಎತ್ತಿಕೊಂಡೆ.

ಗಂಗವ್ವ ಬಾಯಿಗೆ ಸೆರಗು ಹಿಡಿದಳು. "ಅಯ್ಯ ಬಾಯಾರ! ನಿಮ್ಮ ಮಂದಿ ನೋಡಿದ್ರ?"

"ನೋಡಲಿ. ಕೇಳಿದರ ಜ್ವಾಳ ಹಾಕಸ್ಕೋತೀನಿ."

ಆ ದಿನ ಮಧ್ಯಾಹ್ನದಿಂದ ಹುಣ್ಣಿಮೆಯ ಹಿಂದಿನ ದಿನದ ತನಕ ನಾನು ಚೀಲ ಹೊತ್ತೆ. ತುಂಬಿದ ಚೀಲವನ್ನು ಗಂಗವ್ವನ ಮನೆಯಲ್ಲಿ ಇಳಿಸಿ ಬರಿದಾದುದನ್ನು ತಂದು ಮತ್ತೆ ಹೊತ್ತೆ. ಗಂಗವ್ವನ ಹೆಜ್ಜೆ ಹಗುರಾಯಿತು, ಹಾಡು ಎದ್ದಿತು. ಮೇಘಾ ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಮೊಬೈಲು ಹಿಡಿದು ನಡೆಯುತ್ತಿದ್ದಳು. ಕಿತ್ತೂರಿನ ಹಾಡು ಮುಗಿಯುವ ಹೊತ್ತಿಗೆ ಅವಳು ತಿರುಗಿ ಮೊಬೈಲನ್ನು ನನ್ನ ಕಡೆ ಹಿಡಿದಳು. ಎಮ್ಮೆಯ ದವಡೆಯೂ ಗಂಗವ್ವನ ಹಾಡೂ ಒಂದೇ ಆಗಿದ್ದವು. ಮೇಘಾಳ ಕಣ್ಣಲ್ಲಿ ನೀರಿತ್ತು. "ಮೈಕು ಸರಿಯಾಗಿ ಹಿಡಿ," ಎಂದೆ.

ಹುಣ್ಣಿಮೆಗೆ ಸಂಚಿಕೆಯೂ ಆಲ್ಬಂ ಕೂಡ ಹೊರಬಂದವು. ಜನ ನಕ್ಕರು, ಕೆಲವರು ಬಯ್ದರು, ಬಯ್ದವರು ಇನ್ನೊಮ್ಮೆ ನೋಡಿದರು. ಮರುದಿನ ವಾಹಿನಿಯವರು ಫೋನು ಮಾಡಿ ಆಲ್ಬಂಗೆ ಇನ್ನೊಂದು ಹಾಡು ಸೇರಿಸಿ ಎಂದರು. ಮೇಘಾ ಫೋನನ್ನು ನನಗೆ ಕೊಟ್ಟಳು. "ಜೋಕಪ್ಪ ಸತ್ತಿದ್ದಾನೆ, ಮುಂದಿನ ವರ್ಷ ಕೇಳಿ," ಎಂದು ಇಟ್ಟೆ. ಮುಂದಿನ ವರ್ಷವನ್ನು ಅವರು ಕೊಟ್ಟರು. ಗೊಬ್ಬರದ ಅಂಗಡಿಯ ಮೇಲೆ ಎಮ್ಮೆ ಇನ್ನೂ ಮಲಗಿದೆ.

ಒಂದು ಮಾತು ಉಳಿಯಿತು. ಆಲ್ಬಂ ಕೇಳಿ ನೋಡುವವರಿಗೆ ಸವದತ್ತಿಯ ಹಾಡಿನ ಹಿಂದೆ ಯಾರೋ ಏದುಸಿರು ಬಿಡುವುದು ಕೇಳುತ್ತದೆ. ಚೀಲ ತುಂಬಿದ ಹೊತ್ತಿನಲ್ಲಿ ನಾನು ಮೇಘಾಳಿಗೆ ತೀರ ಹತ್ತಿರ ನಡೆದಿದ್ದೆ. ಇದನ್ನು ತೆಗೆಯಲೇಬೇಕು ಎಂದು ನಾನು ಹಟ ಹಿಡಿದೆ. ಮೇಘಾ ಕೇಳಲಿಲ್ಲ. ಚಿತ್ರದಲ್ಲಿ ಆ ಹೊತ್ತಿಗೆ ಸರಿಯಾಗಿ ಕಾಶವ್ವ ಜೋಕಪ್ಪನನ್ನು ಹೊತ್ತು ಸವದತ್ತಿಯ ಗುಡ್ಡ ಹತ್ತುತ್ತದೆ. ನೋಡಿದವರು ಮೆಚ್ಚಿ ಬರೆದರು: ಎಮ್ಮೆಯ ಉಸಿರು ಎಷ್ಟು ಸಹಜವಾಗಿದೆ, ಎಲ್ಲಿಂದ ಹಿಡಿದಿರಿ?

ಮೇಘಾ ಅದನ್ನು ಗಂಗವ್ವನಿಗೆ ಓದಿ ಹೇಳಿದಳು. ಗಂಗವ್ವ ನಕ್ಕು ನಕ್ಕು ಕಣ್ಣೊರೆಸಿಕೊಂಡು ನನ್ನ ಕೈಗೆ ಎಲೆ ಅಡಿಕೆ ಇಟ್ಟಳು.

"ಇಷ್ಟ ವರ್ಷ ಎಮ್ಮಿ ಅಂತ ನಾ ಒಬ್ಬಾಕೀನ ಬೈಸಿಕೊಂಡೆ ಬಾಯಾರ. ಈಗ ಇಬ್ಬರಾದಿವಿ."

ಆ ದಿನ ಎಲೆಯನ್ನು ಸೆರಗಿಗೆ ಕಟ್ಟದೆ ಬಾಯಿಗೆ ಹಾಕಿಕೊಂಡೆ.